ನೋಡಬೇಕಾದ ಜಾಗಗಳು

ಅಯ್ಯಮ್ಮ ಒಲೆಯಿಂದ ಮುಖ ತಿರುಗಿಸದೆ "ಹೊರಮಾವ ಸುದ್ದಾ ಬರಿ" ಎಂದು ಮಗಳಿಗೆ ಹೇಳಿದಾಗ ದುರ್ಗೇಶ ಅರ್ಧ ಗಡ್ಡ ಬೋಳಿಸಿದ್ದ. ಬ್ಲೇಡು ದವಡೆಯ ಮೇಲೆ ನಿಂತಿತು. ಗೋಡೆಯ ಮೊಳೆಗೆ ನೇತುಹಾಕಿದ್ದ ಅಂಗೈಯಗಲದ ಕನ್ನಡಿಯಲ್ಲಿ ಅವನ ಮುಖದ ಒಂದು ಪಾಲು ನೊರೆ, ಇನ್ನೊಂದು ಪಾಲು ಯಾರೋ ಬೇರೆಯವನದು. ಹೊಸ್ತಿಲ ಮೇಲೆ ಕುಳಿತಿದ್ದ ಗಂಗಾ ಹೋದ ವರ್ಷದ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಪಟ್ಟಿ ಬರೆಯುತ್ತಿದ್ದಳು. ಬರುವ ಭಾನುವಾರ ಅಜ್ಜಿಗೆ ಬೆಂಗಳೂರು ತೋರಿಸುವ ಪಟ್ಟಿ ಅದು. ಸುರಪುರದ ಆಚೆಯ ಹಳ್ಳಿ ಬಿಟ್ಟು ಯಾದಗಿರಿಯಿಂದ ಮುಂದಕ್ಕೆ ಕಾಲಿಡದ ಜಟ್ಟೆಮ್ಮ, ಎಪ್ಪತ್ತು ದಾಟಿದ ಮೇಲೆ, ಮಗ ಹದಿನೇಳು ವರ್ಷ ಮೈ ಸವೆಸಿದ ಊರು ಹೇಗಿದೆ ನೋಡಿಯೇ ಸಾಯುತ್ತೇನೆಂದು ಹಟ ಹಿಡಿದಿದ್ದಳು. ಏಳನೇ ಕ್ಲಾಸಿನ ಗಂಗಾ ಇದನ್ನು ಪರೀಕ್ಷೆಯಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದಳು. ಮೆಟ್ರೋ ಬಿಟ್ಟು ಟಿಕೆಟ್ ಇರುವ ಯಾವ ಜಾಗಕ್ಕೂ ಹೋಗುವಂತಿಲ್ಲ. ವಿಧಾನಸೌಧ ಹೊರಗಿನಿಂದ. ಕಬ್ಬನ್ ಪಾರ್ಕು ಒಳಗಿನಿಂದ, ಅದು ಪುಕ್ಕಟೆ. ಶಿವಾಜಿನಗರದ ಮಾರ್ಕೆಟ್ಟು, ನೋಡುವುದಕ್ಕೆ ಮಾತ್ರ. ಹಲಸೂರು ಕೆರೆ, ಬಸ್ಸಿನ ಕಿಟಕಿಯಿಂದ. ಊಟಕ್ಕೆ ಮನೆಯ ರೊಟ್ಟಿ, ಶೇಂಗಾ ಹಿಂಡಿ. ಪುಟದ ಅಂಚಿನಲ್ಲಿ ಇನ್ನೊಂದು ಪಟ್ಟಿ ಬೇರೆ ಇತ್ತು: ಅಜ್ಜಿ ಎಲ್ಲೆಲ್ಲಿ ಕಾಸು ಕೊಡದೆ ಪಾಯಖಾನೆಗೆ ಹೋಗಬಹುದು ಎಂಬುದರದ್ದು.

"ಹೊರಮಾವಲ್ಲಿ ಏನಮ್ಮಾ ಇದೆ ನೋಡಕ್ಕೆ? ಬರೀ ಅಪಾರ್ಟ್‌ಮೆಂಟು," ಎಂದಳು ಗಂಗಾ. ಅವಳ ಬಾಯಲ್ಲಿ ಬೆಂಗಳೂರಿನ ಕನ್ನಡ. ಅಪ್ಪ ಅಮ್ಮನದು ಅವಳಿಗೆ ಹತ್ತಿರಲಿಲ್ಲ.

"ಕೆರಿ ಅದ."

"ಕೆರೆ ಆಗ್ಲೇ ಲಿಸ್ಟಲ್ಲಿದೆ. ಹಲಸೂರ್ದು."

"ಅದು ಬ್ಯಾರೆ, ಇದು ಬ್ಯಾರೆ. ನಿಮ್ಮಣ್ಣ ಅದಾನ ಅಲ್ಲಿ." ಅಯ್ಯಮ್ಮ ರೊಟ್ಟಿಯನ್ನು ಮಗುಚಿ ಹಾಕಿದಳು. "ನಿಮ್ಮಜ್ಜಿ ಕೈಲೆ ಹಾಲು ಬಿಡ್ಸಬೇಕು. ಹದಿನೈದು ವರ್ಷ ಆತು, ಕೂಸಿಗಿ ಯಾರೂ ಒಂದು ಹನಿ ಹಾಲು ಬಿಟ್ಟಿಲ್ಲ. ಹೌದಿಲ್ರೀ?"

ಹೌದು ಎಂದ ದುರ್ಗೇಶ. ಹೌದೆನ್ನಲು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಗಂಗಾ ಪೆನ್ಸಿಲಿನ ತುದಿ ಕಚ್ಚಿಕೊಂಡು ಪಟ್ಟಿಯ ಕೊನೆಯಲ್ಲಿ ಏಳನೇ ನಂಬರು ಹಾಕಿ ಬರೆದಳು: ಹೊರಮಾವು, ಅಣ್ಣ. ಸಮಯದ ಕಾಲಮ್ಮಿನಲ್ಲಿ ನಾಲ್ಕೂವರೆ ಎಂದು ಹಾಕಿದಳು. ಕೆ.ಆರ್. ಪುರಂ ಸ್ಟೇಷನ್ನಿನ ಹಿಂದಿನ ಆ ಒಂಟಿ ಕೋಣೆಯ ತಗಡು ರೈಲು ಹೋಗುವಾಗಲೆಲ್ಲ ನಡುಗುತ್ತದೆ. ಈಗ ರೈಲು ಯಾವುದೂ ಇರಲಿಲ್ಲ, ಆದರೂ ಕನ್ನಡಿ ಅಲುಗುತ್ತಿದೆಯೆಂದು ಅವನಿಗೆ ಅನ್ನಿಸಿತು. ಅವಸರದಲ್ಲಿ ಉಳಿದ ಗಡ್ಡ ಕೆರೆದು, ಕುತ್ತಿಗೆಯ ಹತ್ತಿರ ಕೊಯ್ದುಕೊಂಡು, ಟವೆಲ್ಲು ಒತ್ತಿ ಹಿಡಿದು, "ಒಂದ್ಸಲ ದಾರಿ ನೋಡಿಕೊಂಡು ಬರ್ತೀನಿ. ಮುದುಕಿನ ಕಟಗೊಂಡು ಅಲ್ಲಿ ಇಲ್ಲಿ ಕೇಳ್ಕೊಂತ ತಿರಗೋದು ಆಗಂಗಿಲ್ಲ," ಎಂದ. ಅಯ್ಯಮ್ಮನಿಗೆ ಗಂಡನ ಈ ಮುಂದಾಲೋಚನೆ ಎಷ್ಟು ಹಿಡಿಸಿತೆಂದರೆ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಕೊಟ್ಟಳು. ಆ ರೊಟ್ಟಿಯ ಬಿಸಿ ಚೀಲದ ಬಟ್ಟೆ ದಾಟಿ ಅವನ ತೊಡೆಗೆ ತಾಗುತ್ತಿತ್ತು. ತಾನೆಂಥ ನೀಚ ಎಂದುಕೊಳ್ಳುತ್ತ ಮೆಟ್ರೋ ಹತ್ತಿದ.

ಅವನು ಮೆಟ್ರೋ ಹತ್ತಿದ್ದು ಅದು ಮೂರನೆಯ ಸಲ. ಭಾನುವಾರದ ಗದ್ದಲದಲ್ಲಿ ಅವನ ಪಕ್ಕ ಕುಳಿತಿದ್ದ ಹೆಂಗಸು ಅವನ ಬೆರಳುಗಳನ್ನು, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಿಡದೆ ಕೂತ ಸಿಮೆಂಟನ್ನು ನೋಡಿ, ತನ್ನ ಚೀಲವನ್ನು ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡಳು. ಅವನು ಬೆರಳು ಮಡಚಿ ಮುಷ್ಟಿ ಮಾಡಿದ. ಹಾಗೆ ಮಾಡಿದ್ದರಿಂದ ಹೊಡೆಯಲು ಸಿದ್ಧನಾದವನಂತೆ ಕಂಡೇನೋ ಎನಿಸಿ ಮತ್ತೆ ಬಿಡಿಸಿದ. ಕಿಟಕಿಯಾಚೆ ಇಂದಿರಾನಗರದ ಮರದ ತಲೆಗಳು, ಛಾವಣಿಗಳು, ನೀರಿನ ಟ್ಯಾಂಕುಗಳು ಸರಿಯುತ್ತಿದ್ದವು. ಅವುಗಳಲ್ಲಿ ಕನಿಷ್ಠ ಎರಡು ಛಾವಣಿಗೆ ಅವನೇ ವೈಬ್ರೇಟರ್ ಹಿಡಿದಿದ್ದ. ಹೊಸದಾಗಿ ಸುರಿದ ಕಾಂಕ್ರೀಟಿನೊಳಗೆ ಸೂಜಿಯಂಥ ಕೊಳವೆ ಇಳಿಸಿ, ಗಾಳಿಯ ಗುಳ್ಳೆಯೆಲ್ಲ ಮೇಲೇಳುವಂತೆ ನಡುಗಿಸುವ ಕೆಲಸ ಅದು. ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ಎತ್ತಬೇಕು ಎಂಬುದು ಕೈಗೆ ಗೊತ್ತಿರಬೇಕು, ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ. ಈಗ ಬಲಗೈ ಮರಗಟ್ಟಿ ಆ ಕೆಲಸ ಬಿಟ್ಟು ಪ್ಲಾಸ್ಟರಿಂಗಿಗೆ ಬಂದಿದ್ದಾನೆ. ಆದರೆ ಹೊರಮಾವಿನ ಸೈಟಿನ ಕಾಲಕ್ಕೆ ಇಡೀ ಗ್ಯಾಂಗಿನಲ್ಲಿ ಅದು ಬರುತ್ತಿದ್ದದ್ದು ಇಪ್ಪತ್ತೈದರ ದುರ್ಗೇಶನಿಗೊಬ್ಬನಿಗೇ. ಆ ಬೆಳಿಗ್ಗೆ ಮೂರನೇ ಮಹಡಿಯ ಸ್ಲ್ಯಾಬು. ಆರೂವರೆಗೆ ಮಿಕ್ಸರ್ ಶುರುವಾಗಿತ್ತು. ಒಮ್ಮೆ ಸುರಿಯಲು ಶುರು ಮಾಡಿದರೆ ಈ ತುದಿಯಿಂದ ಆ ತುದಿಯ ತನಕ ನಿಲ್ಲಿಸುವಂತಿಲ್ಲ. ನಿಲ್ಲಿಸಿದ ಕಡೆ ಹಳೆಯದು ಹೊಸದರ ನಡುವೆ ಬೆಸುಗೆ ಹಿಡಿಯದೆ ಗೆರೆ ಉಳಿದು, ಮಳೆಗಾಲದಲ್ಲಿ ಅಲ್ಲಿಂದಲೇ ಸೋರುತ್ತದೆ. ಒಂಬತ್ತು ಗಂಟೆಯ ಹೊತ್ತಿಗೆ ಕೆಳಗಿನ ತಗಡಿನ ಶೆಡ್ಡಿನಿಂದ ಒಬ್ಬ ಹೆಂಗಸು ಏಣಿಯ ಬುಡಕ್ಕೆ ಬಂದು ಮೇಲಕ್ಕೆ ಮುಖ ಮಾಡಿ ಕೂಗಿದಳು. ಮಿಕ್ಸರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಆದರೆ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದನ್ನು ನೋಡಿ ಗೊತ್ತಾಯಿತು. ಕೂಸು ಹುಟ್ಟಿ ಎಂಟು ದಿನ. ಇನ್ನೂ ಹೆಸರಿಟ್ಟಿರಲಿಲ್ಲ.

ಹಲಸೂರಿನಲ್ಲಿ ಇಳಿದ. ನೋಡಬೇಕಾದದ್ದು ಕೆರೆಯನ್ನಲ್ಲ, ನಿಂಗಣ್ಣನನ್ನು. ಅವನು ಅದೇ ಗ್ಯಾಂಗಿನಲ್ಲಿದ್ದ ತನ್ನ ಹಳ್ಳಿಯವನು; ಈಗ ಸೊಂಟ ಬಿದ್ದುಹೋಗಿ ಒಂದು ಮದುವೆ ಹಾಲಿನ ಗೇಟು ಕಾಯುತ್ತಾನೆಂದು ಕೇಳಿದ್ದ. ಒಂದೇ ಊರಿನಲ್ಲಿ ಹದಿನೈದು ವರ್ಷ ಇದ್ದು ಒಮ್ಮೆಯೂ ಹೋಗಿ ಮಾತಾಡಿಸಿರಲಿಲ್ಲ. ಮಾತಾಡಿಸದೇ ಇರುವುದಕ್ಕೆ ಒಳ್ಳೊಳ್ಳೆಯ ಕಾರಣಗಳಿದ್ದವು: ದೂರ, ಬಸ್ಸು, ಕೆಲಸ, ಮಗಳ ಶಾಲೆ. ಗುಡಿಯ ಬೀದಿಯಲ್ಲಿ ಹೂವಿನವಳೊಬ್ಬಳು ತಮಿಳಿನಲ್ಲಿ ಇನ್ನೊಬ್ಬಳನ್ನು ಬೈಯುತ್ತಿದ್ದಳು. ಅವಳನ್ನು ಕೇಳಿದರೆ ಕನ್ನಡದಲ್ಲಿ ದಾರಿ ಹೇಳಿ, ಬಿಟ್ಟಲ್ಲಿಂದಲೇ ಬೈಗುಳ ಮುಂದುವರಿಸಿದಳು. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತನಗಿಂತ ಒಂದು ಅಳತೆ ದೊಡ್ಡದಾದ ನೀಲಿ ಅಂಗಿಯೊಳಗೆ ನಿಂಗಣ್ಣ ಕುಳಿತಿದ್ದ. ಗುರುತು ಹಿಡಿದದ್ದೇ ಎರಡೂ ಕೈಯಿಂದ ದುರ್ಗೇಶನ ಕೈ ಹಿಡಿದು ನಕ್ಕ. ಹಲ್ಲು ಮುಕ್ಕಾಲು ಹೋಗಿದ್ದವು. ಅಯ್ಯಮ್ಮ ಕಟ್ಟಿಕೊಟ್ಟ ರೊಟ್ಟಿಯನ್ನು ಇಬ್ಬರೂ ಹರಿದು ತಿಂದರು. ಊರ ಮಳೆ, ಯಾರ ಮಗಳ ಮದುವೆ, ಯಾರು ಸತ್ತರು ಎಲ್ಲ ಮುಗಿಯಿತು. ಇನ್ನು ಮಾತು ಉಳಿಯದಿದ್ದಾಗ ದುರ್ಗೇಶ ಕೇಳಿದ.

"ನಿಂಗಣ್ಣ, ಆ ಕೂಸಿನ ಎಲ್ಲಿಟ್ಟಿ?"

ನಿಂಗಣ್ಣ ಅಗಿಯುವುದನ್ನು ನಿಲ್ಲಿಸಿದ. ಮರೆತಿರುತ್ತಾನೆ ಎಂದು ದುರ್ಗೇಶ ಎಣಿಸಿದ್ದ, ಮರೆತಿರಲಿ ಎಂದು ಆಸೆಪಟ್ಟೂ ಇದ್ದ. ನಿಂಗಣ್ಣನಿಗೆ ಎಲ್ಲ ನೆನಪಿತ್ತು.

"ಕೆರೀ ಮಟ ಹೋಗಿದ್ದೆ ನಾನು. ಒಂದು ಕೈಯಾಗ ಕೂಸು, ಒಂದು ಕೈಯಾಗ ಗುದ್ಲಿ. ಸುಳ್ಳ್ಯಾಕ ಹೇಳ್ಲಿ. ಜಾಗ ನೋಡ್ಲಕ್ಕತ್ತಿದ್ದೆ. ಅಷ್ಟ್ರಾಗ ಹಿಂದಿಂದ ಕರೀಲಾಕ ಬಂದ್ರು, ಬಾಂಡ್ಲಿ ಸಾಗ್ಸೋ ಸಾಲಾಗ ಕೈ ಕಮ್ಮಿ ಬಿದ್ದಾವ ಅಂತ. ಅಲ್ಲಿ ಒಬ್ಬ ಮುದುಕ ಎಮ್ಮಿ ಮೇಯಿಸ್ಕೊಂತ ಕುಂತಿದ್ದ, ಅದೇ ಊರವ. ಅವನ ಕೈಯಾಗ ಕೊಟ್ಟೆ."

"ಕೊಟ್ಟಿ?"

"ಕೂಸೂ ಕೊಟ್ಟೆ, ಗುದ್ಲೀನೂ ಕೊಟ್ಟೆ. ಹೂಂ ಅಂದ ಪಾಪ. ಸಂಜಿಮುಂದ ಗುದ್ಲಿ ತಂದು ಗೇಟಿಗಿ ಆನಿಸಿಟ್ಟು ಹೋಗಿದ್ದ. ಮಣ್ಣು ಹತ್ತಿತ್ತು ಅದಕ್ಕ. ಅಷ್ಟೇ ನನಗ ಗೊತ್ತು."

"ಆ ಮುದುಕ..."

"ಆವಾಗೇ ಅವನ ತಲಿ ಪೂರಾ ಬೆಳ್ಳಗಿತ್ತು. ಇನ್ನೂ ಇರ್ತಾನೇನೋ ಮಾರಾಯ?" ನಿಂಗಣ್ಣ ಕೈಗಂಟಿದ ಹಿಂಡಿಯನ್ನು ಒರೆಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಇಷ್ಟ ವರ್ಷಕ್ಕ ಕೇಳ್ತಿಯಲ್ಲ, ಆವತ್ತೇ ಕೇಳಿದ್ರ ಆ ಮುದುಕನ ಹಿಡ್ಕೊಂಡು ಬರ್ತಿದ್ದೆ."

"ಮೇಸ್ತ್ರಿ ಬಿಡ್ಲಿಲ್ಲಲ್ಲ ನನ್ನ ಆವತ್ತ. ಕೆಂಪರಾಜ್ ಮೇಸ್ತ್ರಿ. ವೈಬ್ರೇಟರ್ ಬಿಟ್ಟು ಒಂದು ಹೆಜ್ಜಿ ಸರೀಬ್ಯಾಡ ಅಂದ."

ಹದಿನೈದು ವರ್ಷದಿಂದ ಅವನು ತನ್ನೊಳಗೆ ಹೇಳಿಕೊಂಡು ಬಂದ ಮಾತು ಅದು. ಹೇಳಿ ಹೇಳಿ ಅದಕ್ಕೆ ಕೆಂಪರಾಜನ ದನಿಯೇ ಬಂದುಬಿಟ್ಟಿತ್ತು. ನಿಂಗಣ್ಣನಿಗೆ ಪಾಪ ಎನ್ನಿಸಿತೋ ಏನೋ, ಕಣ್ಣು ಬೇರೆ ಕಡೆ ತಿರುಗಿಸಿ ಹೇಳಿದ:

"ಇಲ್ಲ ತಮ್ಮಾ. ಮೇಸ್ತ್ರಿ ಹೋಗು ಅಂದಿದ್ದ. 'ಹೋಗ್ಬಿಟ್ ಬಾರಪ್ಪ, ಒಂದ್ ಗಂಟೆ ನಾನೇ ಹಿಡ್ಕೊತೀನಿ' ಅಂದ. ನಾನು ಅಲ್ಲೇ ನಿಂತಿದ್ನಲ್ಲ. ನೀನೇ ಒಲ್ಲೆ ಅಂದಿ. ನಿಮಗ ಬರಂಗಿಲ್ಲ ಮೇಸ್ತ್ರಿ, ಕೆಲಸ ಕೆಡ್ತದ ಅಂದಿ."

ಹಾಗೆ ಅಂದಿದ್ದೆನೇ? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ದುರ್ಗೇಶ ಅದನ್ನು ಸುಳ್ಳು ಮಾಡಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಅಂದಿದ್ದ. ಆ ಮಾತು ಆಡುವಾಗ ನಾಲಿಗೆಯ ಮೇಲಿದ್ದ ಸಿಮೆಂಟಿನ ಧೂಳಿನ ರುಚಿ ಕೂಡ ಈಗ ನೆನಪಿಗೆ ಬಂತು. ಕೆಲಸದ ಮೇಲಿನ ನಿಷ್ಠೆ ಏನಲ್ಲ ಅದು. ಏಣಿ ಇಳಿದು ಶೆಡ್ಡಿಗೆ ಹೋಗಿ, ಅಯ್ಯಮ್ಮನ ತೊಡೆಯ ಮೇಲಿಂದ ಆ ಗಂಟನ್ನು ತನ್ನ ಕೈಯಿಂದ ಎತ್ತಿಕೊಳ್ಳಬೇಕಲ್ಲ ಎಂದು ಅವನಿಗೆ ಹೆದರಿಕೆಯಾಗಿತ್ತು. ಎಂಟು ದಿನದಲ್ಲಿ ಅವನು ಕೂಸನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಕುತ್ತಿಗೆ ನಿಲ್ಲುವುದಿಲ್ಲ, ಕೈ ಒರಟು, ಇನ್ನೊಂದು ತಿಂಗಳು ಹೋಗಲಿ ಎನ್ನುತ್ತಿದ್ದ. ನಡುಗುವ ಕೊಳವೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದಷ್ಟು ಹೊತ್ತು ಬೇರೇನನ್ನೂ ಹಿಡಿಯಬೇಕಿರಲಿಲ್ಲ. ಅದರ ಜೊತೆ ಇನ್ನೊಂದು ಕೂಡ ಇತ್ತು, ಅದನ್ನು ನೆನೆದರೆ ಈಗಲೂ ಅವನ ಕಿವಿ ಕಾಯುತ್ತದೆ. ಅವನು ಹಾಗೆಂದಾಗ ಗ್ಯಾಂಗಿನ ಇಪ್ಪತ್ತು ಜನ ಅವನ ಕಡೆ ತಿರುಗಿ ನೋಡಿದ್ದರು. ಅವರ ನೋಟದಿಂದ ಅವನಿಗೆ ಒಂದು ಕ್ಷಣ ಹೆಮ್ಮೆಯಾಗಿತ್ತು.

ಆವತ್ತು ಸಂಜೆ ಸ್ಲ್ಯಾಬು ಮುಗಿದ ಮೇಲೆ ಊಟ. ಸ್ಲ್ಯಾಬು ಬಿದ್ದ ದಿನ ಕಂಟ್ರಾಕ್ಟರು ಗ್ಯಾಂಗಿಗೆಲ್ಲ ಊಟ ಹಾಕಿಸುವುದು ಎಲ್ಲ ಸೈಟಿನಲ್ಲೂ ನಡೆದುಬಂದದ್ದು. ಶಿವಾಜಿನಗರದಿಂದ ತರಿಸಿದ ಮಟನ್ ಬಿರಿಯಾನಿಯ ಡೇಗ್ಚಿಯ ಬಾಯಿ ತೆರೆದಾಗ ಮೂರು ಮಹಡಿಯ ತನಕ ಘಮಘಮ ಎಂದಿತ್ತು. ದುರ್ಗೇಶ ಸಾಲಿನಲ್ಲಿ ಕುಳಿತ. ಯಾರೋ ಬೇಡವೆಂದರು, ಯಾರೋ ಉಣ್ಣಲಿ ಬಿಡು, ಬೆಳಿಗ್ಗೆಯಿಂದ ಹೊಟ್ಟೆಗಿಲ್ಲ ಎಂದರು. ಉಂಡ. ಎರಡನೆಯ ಸಲವೂ ಹಾಕಿಸಿಕೊಂಡ. ಆ ಹೊತ್ತಿಗೆ ಗೇಟಿಗೆ ಆನಿಸಿದ ಗುದ್ದಲಿಗೆ ಹಸಿ ಮಣ್ಣು ಅಂಟಿಕೊಂಡಿತ್ತೆಂದು ಈಗ ತಿಳಿಯಿತು. ಆಗಲೂ ಬಹುಶಃ ನೋಡಿದ್ದ, ನೋಡಿ ಇನ್ನೊಂದು ತುಂಡು ಮೂಳೆ ಚೀಪಿದ್ದ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಶೆಡ್ಡಿಗೆ ಹೋದರೆ ಅಯ್ಯಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಣಂತಿ ಮಣ್ಣಿಗೆ ಹೋಗುವಂತಿಲ್ಲ. ಎಲ್ಲಿಟ್ಟಿರಿ ಎಂದು ಕೇಳಿದಳು. ಆಗ ಅವನು ಹೇಳತೊಡಗಿದ. ಕೆರೆಯ ಏರಿ, ಏರಿಯ ಮೇಲೆ ಹೊಂಗೆ ಮರ, ತಂಪು ನೆರಳು, ಅಲ್ಲಿಂದ ನೀರು ಕಾಣುತ್ತದೆ, ಒಂದು ಕಲ್ಲು ಇಟ್ಟು ಬಂದೆ, ಎರಡು ಹೂವೂ ಹಾಕಿದೆ. ಹೇಳುತ್ತ ಹೇಳುತ್ತ ಅವಳ ಅಳು ಒಂದು ಹದಕ್ಕೆ ಬಂದದ್ದನ್ನು ನೋಡಿ ಇನ್ನಷ್ಟು ಹೇಳಿದ, ಒಂದು ಹಕ್ಕಿ ಕೂಗುತ್ತಿತ್ತು ಎಂದೂ ಸೇರಿಸಿದ. ವಾರದೊಳಗೆ ಗ್ಯಾಂಗು ಊರಿನ ಆ ತುದಿಯ ಇನ್ನೊಂದು ಸೈಟಿಗೆ ಹೋಯಿತು. ಆಮೇಲೆ ಎರಡು ಸಲ ಬಸಿರು ನಿಲ್ಲಲಿಲ್ಲ, ಗಂಗಾ ಹುಟ್ಟಿದಳು, ಕೆ.ಆರ್. ಪುರಂಗೆ ಬಂದರು. ಹೊರಮಾವು ಅಲ್ಲಿಂದ ಅರ್ಧ ಗಂಟೆಯ ದಾರಿ. ಒಮ್ಮೆ ಕರಕೊಂಡು ಹೋಗ್ರಿ ಎಂದು ಅವಳು ಕೇಳಿದಾಗಲೆಲ್ಲ ಅವನು ಮನೆಯ ಹಿರಿಯರು ಹಾಲು ಬಿಡದೆ ತಾಯಿ ಹೋಗಬಾರದೆಂದು ಹೇಳುತ್ತ ಬಂದ. ಆ ಹಿರಿಯಳು ಈಗ ಟಿಕೆಟ್ ಮಾಡಿಸಿದ್ದಾಳೆ.

ಮಧ್ಯಾಹ್ನದ ಹೊತ್ತಿಗೆ ಕೆರೆ ಮುಟ್ಟಿದ. ಸುತ್ತ ತಂತಿಯ ಬೇಲಿ, ಕಲ್ಲು ಹಾಸಿದ ನಡೆಯುವ ದಾರಿ, ಸಿಮೆಂಟಿನ ಬೆಂಚುಗಳು, ನಾಯಿ ತರಬಾರದು ಎಂಬ ಬೋರ್ಡು. ಏರಿಯ ಬೆನ್ನಿಗೇ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟುಗಳು ಸಾಲಾಗಿ ನಿಂತಿದ್ದವು. ಎಲ್ಲಿ ಎಮ್ಮೆ ಮೇಯುತ್ತಿತ್ತು, ಯಾವ ಮೂಲೆಯಲ್ಲಿ ಮುದುಕ ಕುಳಿತಿದ್ದ? ಬೇಲಿಯ ಒಳಗೋ, ಹೊರಗೋ, ಆ ಕಾರು ನಿಲ್ಲಿಸುವ ಜಾಗದ ಅಡಿಯಲ್ಲೋ? ಅವನು ಕೆರೆಯನ್ನು ಪೂರ್ತಿ ಒಂದು ಸುತ್ತು ಬಂದ. ನೆಲವನ್ನೇ ನೋಡುತ್ತ ನಡೆಯುವವನನ್ನು ಕಂಡು ಟೋಪಿಯ ಮುದುಕರೊಬ್ಬರು ಏನಾದರೂ ಕಳೆದುಹೋಯಿತಾ ಎಂದು ಇಂಗ್ಲಿಷಿನಲ್ಲಿ ಕೇಳಿ, ಅವನು ತಲೆಯಾಡಿಸಿದಾಗ ಮೊಬೈಲಾ ಎಂದರು. ಎರಡನೆಯ ಸುತ್ತಿಗೆ ಹುಡುಕುವುದು ಬಿಟ್ಟು ಆರಿಸತೊಡಗಿದ. ಹೊಂಗೆ ಮರಗಳು ಐದಾರು ಇದ್ದವು. ಎರಡು ತೀರ ಎಳೆಯವು, ಒಂದರ ಬುಡಕ್ಕೆ ಯಾರೋ ದೇವರ ಫೋಟೋಗಳನ್ನು ಬಿಟ್ಟುಹೋಗಿದ್ದರು, ಒಂದರಿಂದ ನೀರು ಕಾಣುತ್ತಿರಲಿಲ್ಲ. ಐದನೆಯದು ಸರಿಯಿತ್ತು. ಏರಿಯ ಮೇಲೆ, ದಾರಿಯಿಂದ ನಾಲ್ಕು ಹೆಜ್ಜೆ ಕೆಳಗೆ, ತಂಪು ನೆರಳು, ಮುಂದೆ ನೀರು. ಬೇಲಿಯ ಬುಡದಿಂದ ತಲೆದಿಂಬಿನಷ್ಟು ದೊಡ್ಡ ಕಲ್ಲೊಂದನ್ನು ಹೊತ್ತು ತಂದ. ಹೊಸದಾಗಿ ಇಟ್ಟ ಕಲ್ಲು ಹೊಸದಾಗಿ ಇಟ್ಟಂತೆಯೇ ಕಾಣುತ್ತದೆಂದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ನೆಲವನ್ನು ಕೋಲಿನಿಂದ ಕೆದಕಿ, ಕಲ್ಲನ್ನು ಮುಕ್ಕಾಲು ಪಾಲು ಹೂತು, ಸುತ್ತ ಮಣ್ಣು ಒತ್ತಿ, ಬಾಟಲಿಯ ನೀರು ಚಿಮುಕಿಸಿ, ಮೇಲೆ ಒಣ ಎಲೆ ಉಜ್ಜಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಹದಿನೈದು ವರ್ಷದಿಂದ ಅಲ್ಲೇ ಇದ್ದಂತಿತ್ತು. ಕೆಲಸ ಚೆನ್ನಾಗಿ ಆದಾಗ ಎದೆಯಲ್ಲಿ ಆಗುವ ಹಿತ ಆಗಲೂ ಆಯಿತು. ಅದಕ್ಕಾಗಿ ಅವನು ತನ್ನನ್ನು ತಾನು ಕೆಟ್ಟದಾಗಿ ಬೈದುಕೊಂಡ.

ಮುಂದಿನ ಭಾನುವಾರ ಗಂಗಾ ಬರೆದ ಹಾಗೆಯೇ ನಡೆಯಿತು. ಜಟ್ಟೆಮ್ಮ ಮೆಟ್ರೋದಲ್ಲಿ ಕಣ್ಣು ಮುಚ್ಚಿ ಕುಳಿತಳು. ವಿಧಾನಸೌಧದ ಎದುರು ನಿಂತು, ಇಷ್ಟು ದೊಡ್ಡ ಮನೆಗೆ ಸಗಣಿ ಸಾರಿಸುವವರು ಯಾರು ಎಂದು ಕೇಳಿ ಮೊಮ್ಮಗಳನ್ನು ನಗಿಸಿದಳು. ಕಬ್ಬನ್ ಪಾರ್ಕಿನಲ್ಲಿ ರೊಟ್ಟಿ ತಿಂದು ಹುಲ್ಲಿನ ಮೇಲೆ ಅರ್ಧ ಗಂಟೆ ಮಲಗಿ ಗೊರಕೆ ಹೊಡೆದಳು. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಬುರ್ಖಾದ ಹೆಂಗಸೊಬ್ಬಳು ಕೊತ್ತಂಬರಿಗೆ ಚೌಕಾಸಿ ಮಾಡುವುದನ್ನು ಮೆಚ್ಚಿ ನಿಂತು ನೋಡಿ, "ಹಿಂಗ ಕೇಳಬೇಕ ನೋಡು," ಎಂದು ಸೊಸೆಗೆ ಹೇಳಿದಳು. ಅಯ್ಯಮ್ಮನಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಅವಳು ಹಾಲಿನ ಸ್ಟೀಲ್ ಗಿಂಡಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೇ ಇಡೀ ದಿನ ತಿರುಗಿದಳು. ಕುಳಿತಾಗ ಮಡಿಲಲ್ಲಿ ಇಟ್ಟುಕೊಂಡಳು. ಮೂರು ಗಂಟೆಗೆ ಹಾಲು ಒಡೆದೀತು ಹೋಗೋಣ ಎಂದಳು. ಹೊರಮಾವಿನ ಬಸ್ಸಿನಲ್ಲಿ ದುರ್ಗೇಶ ಅವಳ ಮುಖವನ್ನು ನೋಡಿದ. ಮದುವೆಯಾದ ಹೊಸದರಲ್ಲಿ ಹೀಗಿದ್ದಳು ಎನಿಸಿತು. ಇದೊಂದು ಸಂಜೆ ಕಳೆದರೆ ಸಾಕು, ಅವಳಿಗೆ ಒಂದು ಜಾಗ ಸಿಗುತ್ತದೆ, ತಾನು ಹೇಗಾದರೂ ಬದುಕಿಕೊಂಡೇನು ಎಂದು ಯಾವ ದೇವರಿಗೆ ಎಂದು ತಿಳಿಯದೆ ಬೇಡಿಕೊಂಡ.

ಕಲ್ಲು ಚೆನ್ನಾಗಿ ಕುಳಿತಿತ್ತು. ವಾರದಲ್ಲಿ ಅದರ ಬುಡಕ್ಕೆ ಇರುವೆಗಳೂ ಬಂದಿದ್ದವು. ಅಯ್ಯಮ್ಮ ಮರವನ್ನು ನೋಡಿದಳು, ನೀರನ್ನು ನೋಡಿದಳು, ಅವನು ಹೇಳಿದ್ದು ಒಂದೊಂದೂ ಸರಿಯಿದೆಯೇ ಎಂದು ಪರೀಕ್ಷಿಸುವಂತೆ ಸುತ್ತ ನೋಡಿ, ಕಲ್ಲಿನ ಮುಂದೆ ಕುಸಿದು ಕುಳಿತು ಎರಡೂ ಅಂಗೈಯನ್ನು ನೆಲಕ್ಕೆ ಊರಿದಳು. ಅಳಲಿಲ್ಲ. "ಬಂದೀನಪ್ಪಾ," ಎಂದಳು. ದಾರಿಯ ಮೇಲೆ ನಡೆಯುವವರು ನಿಧಾನ ಮಾಡಿ ನೋಡಿ ಮುಂದೆ ಹೋದರು. ಜಟ್ಟೆಮ್ಮ ಗಿಂಡಿಯ ಮುಚ್ಚಳ ತೆಗೆದು, ಹಾಲಿಗೆ ಬೆರಳು ಅದ್ದಿ, ಸುರಿಯಲು ಬಾಗಿದವಳು ಹಾಗೇ ತಡೆದಳು.

"ತಲಿ ಯಾ ಕಡಿಗಿ ಅದನೋ ದುರ್ಗ್ಯಾ? ಹಾಲು ಬಾಯಿಗಿ ಬೀಳಬೇಕಲ್ಲ."

ಒಂದು ವಾರ ಅವನು ಮರದಿಂದ ಹಿಡಿದು ಎಲೆಯವರೆಗೆ ಎಲ್ಲವನ್ನೂ ಯೋಚಿಸಿದ್ದ. ಇದನ್ನು ಯೋಚಿಸಿರಲಿಲ್ಲ. ಮೂವರೂ ಅವನ ಕಡೆ ನೋಡುತ್ತಿದ್ದರು. ತಡಮಾಡಿದರೆ ಕೆಟ್ಟಿತೆಂದು, ನೀರು ಕಾಣಲಿ ಎಂದು ಮಲಗಿಸಿದವನ ಹಾಗೆ ಕೆರೆಯ ಕಡೆ ಕೈ ತೋರಿಸಿ, "ಈ ಕಡಿಗಿ," ಎಂದ.

ಜಟ್ಟೆಮ್ಮ ನೆಟ್ಟಗಾದಳು. ಹಣೆಗೆ ಕೈ ಅಡ್ಡ ಹಿಡಿದು ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಇಳಿಯುತ್ತಿದ್ದ ಹೊತ್ತನ್ನು ಹುಡುಕಿದಳು. ಆ ಕಡೆ ಎಡಗೈ ಚಾಚಿ ನಿಂತು, ಮುಖದ ನೇರಕ್ಕೆ ಇದ್ದ ಕೆರೆಯನ್ನು ನೋಡಿದಳು.

"ಅದು ಉತ್ರ ದಿಕ್ಕು," ಎಂದಳು. "ಉತ್ರಕ್ಕ ತಲಿ ಮಾಡಿ ಮಲಗ್ಸಿಯೇನೋ ಕೂಸಿನ? ನಮ್ಮಾಗ ಯಾರರೆ ಹಂಗ ಇಡ್ತಾರೇನು? ದಕ್ಷಿಣಕ್ಕ ತಲಿ ಇಡಬೇಕು. ತಿರುಗ್ಸಿಟ್ರ ಹೋದ ಜೀವ ದಾರಿ ಸಿಗದ ಮನೀ ಹೊಸ್ತಿಲಿಗೇ ಬಂದು ಬಂದು ನಿಂದರ್ತದ. ಅದಕ್ಕೇ, ಅದಕ್ಕೇ ನೋಡು ಮುಂದಿನವೂ ಎರಡು ನಿಲ್ಲಲಿಲ್ಲ ಇವಳ ಹೊಟ್ಟ್ಯಾಗ."

"ಇಲ್ಲವ್ವಾ, ನನಗ ದಿಕ್ಕು ತಪ್ತು. ಆ ಕಡಿಗಿ ಇಟ್ಟಿದ್ದೆ, ಆ ಕಡಿಗಿ," ಎಂದು ದುರ್ಗೇಶ ಅವಸರದಿಂದ ಮರದ ಬುಡದ ಕಡೆ ತೋರಿಸಿದ.

"ಸುಮ್ಮನಿರ್ರೀ," ಎಂದಳು ಅಯ್ಯಮ್ಮ. ಅವಳ ದನಿ ಮೆಲ್ಲಗಿತ್ತು. "ಈಗ ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ. ಮೊದಲ ಹೇಳಿದ್ದೇ ಖರೆ. ಆವಾಗ ಇಪ್ಪತ್ತೈದರ ಹುಡುಗ ನೀವು, ನಿಮಗ್ಯಾರು ಹೇಳಿಕೊಡೋರು ಇದ್ರು." ಅವನ ಮೇಲೆ ಅವಳಿಗೆ ಸಿಟ್ಟು ಬಂದಿರಲಿಲ್ಲ, ಕನಿಕರ ಬಂದಿತ್ತು. ಆಮೇಲೆ ಅವಳ ಕಣ್ಣು ನೆಲಕ್ಕೆ ಇಳಿಯಿತು. "ಹದಿನೈದು ವರ್ಷ," ಎಂದಳು. "ಹದಿನೈದು ವರ್ಷ ಹಿಂಗ ಮಲಗ್ಯಾನ." ಕಲ್ಲಿನ ಪಕ್ಕದ ಹುಲ್ಲನ್ನು ಎರಡೂ ಕೈಯಿಂದ ಹಿಡಿದು ಕಿತ್ತಳು, ಇನ್ನೊಂದು ಹಿಡಿ ಕಿತ್ತಳು, ಬೆರಳುಗಳನ್ನು ಮಣ್ಣಿಗೆ ಹಾಕಿ ಬಗೆಯತೊಡಗಿದಳು. ಅತ್ತೆ ಗಿಂಡಿಯನ್ನು ಗಂಗಾಳ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣ್ಣು ಪಕ್ಕಕ್ಕೆ ಸರಿಸಲು ತಾನೂ ಕುಳಿತಳು. ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿತ್ತು: ತೆಗೆದು, ತಿರುಗಿಸಿ ಮಲಗಿಸಿ, ಆಮೇಲೆ ಹಾಲು.

"ಅಪ್ಪಾ, ಇಲ್ಲೆಲ್ಲ ಅಗೀಬಾರ್ದು. ವಾಚ್‌ಮನ್ ಬರ್ತಾನೆ. ಅಪ್ಪಾ, ಹೇಳಿ," ಎಂದಳು ಗಂಗಾ. ದಾರಿಯ ಆ ತುದಿಯಲ್ಲಿ ಆಗಲೇ ಸೀಟಿ ಕೇಳಿಸುತ್ತಿತ್ತು. ಜನ ನಿಲ್ಲತೊಡಗಿದ್ದರು, ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಹೇಳಬೇಕಿತ್ತು. ಇಲ್ಲಿ ಇಲ್ಲ, ಎರಡೇ ಮಾತು. ನಾಲಿಗೆಯ ತುದಿಗೆ ಬಂದಿದ್ದವು. ಆದರೆ ಹೇಳಿದ ಮರುಕ್ಷಣ ಅವಳು ತಲೆಯೆತ್ತಿ, ಹಾಗಾದರೆ ಎಲ್ಲಿ, ಎಂದು ಕೇಳುತ್ತಾಳೆ. ಅದಕ್ಕೆ ಅವನ ಬಳಿ ಒಬ್ಬ ಸತ್ತ ಮುದುಕ, ಒಂದು ಗುದ್ದಲಿ ಬಿಟ್ಟರೆ ಏನೂ ಇರಲಿಲ್ಲ. ಈಗ ಅವಳಿಗೆ ಒಂದು ಜಾಗವಾದರೂ ಇದೆ, ಒಂದು ದಿಕ್ಕಿದೆ, ಅದನ್ನು ಸರಿಪಡಿಸುತ್ತೇನೆಂಬ ನಂಬಿಕೆಯಿದೆ. ಇನ್ನು ಸ್ವಲ್ಪ ಹೊತ್ತಿಗೆ ಅದೂ ಇರುವುದಿಲ್ಲ. ಗಟ್ಟಿ ನೆಲಕ್ಕೆ ಅವಳ ಉಗುರು ಕಿತ್ತು ಮಣ್ಣಿನ ಮೇಲೆ ರಕ್ತದ ಹನಿ ಬಿದ್ದದ್ದನ್ನು ಅವನು ನೋಡಿದ. ಓಡಿಹೋಗಲು ದಾರಿಯಿತ್ತು, ಗೇಟು ತೆರೆದಿತ್ತು. ದುರ್ಗೇಶ ಮಂಡಿಯೂರಿ ಕುಳಿತ. ಮರದ ಕೆಳಗಿನಿಂದ ಚೂಪಾದ ಕಲ್ಲುಚೂರೊಂದನ್ನು ಹುಡುಕಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅವಳ ಎದುರಿನಿಂದ ತಾನೂ ಅಗೆಯತೊಡಗಿದ. ಬಲವಾಗಿ ಕುಕ್ಕಿದ, ಇನ್ನೊಮ್ಮೆ ಕುಕ್ಕಿದ. ಮೂರನೆಯ ಏಟಿಗೆ ಅಯ್ಯಮ್ಮ ಅವನ ಮಣಿಕಟ್ಟು ಹಿಡಿದುಕೊಂಡಳು.

"ಸಾವಕಾಶ ರೀ," ಎಂದಳು. "ತಲಿಗಿ ಬಡದೀತು."